ಪ್ಲ್ಯಾನ್ಡ್ ಆರ್ಡರನ್ನು ಯಾವ ಲೈನಿಗೆ ಹಚ್ಚಬೇಕು?

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯ ಪ್ಲ್ಯಾನಿಂಗ್ ವಿಭಾಗಕ್ಕೆ ಸೇರಿದ್ದೇನೆ. ದಿನಾ ಬೆಳಿಗ್ಗೆ ಸ್ಯಾಪ್ ತೆರೆದರೆ, ರಾತ್ರಿ ಕಂಪ್ಯೂಟರ್ ತಾನೇ ಮಾಡಿಟ್ಟ ಪ್ಲ್ಯಾನ್ಡ್ ಆರ್ಡರ್‌ಗಳು ಸಾಲಾಗಿ ಕೂತಿರುತ್ತವೆ. 'ಅವನ್ನೆಲ್ಲಾ ಲೈನಿಗೆ ಹಚ್ಚಿಬಿಡು' ಅನ್ನುತ್ತಾರೆ ನಮ್ಮ ಮೇಲಿನವರು. ಏನು ಬೇಕು, ಎಷ್ಟು ಬೇಕು, ಎಂದಿಗೆ ಬೇಕು ಎಂದು ಲೆಕ್ಕ ಹಾಕುವ ಕಂಪ್ಯೂಟರಿಗೆ ಯಾವ ಲೈನಿನಲ್ಲಿ ಅನ್ನುವುದು ಯಾಕೆ ತಿಳಿಯುವುದಿಲ್ಲ? ರಾಮದುರ್ಗದಲ್ಲಿ ಪವರ್‌ಲೂಮ್ ಇಟ್ಟಿರುವ ನಮ್ಮ ಸೋದರಮಾವನಿಗೆ ಇದನ್ನು ಹೇಳಿದರೆ, 'ನಮ್ಮಲ್ಲೂ ದಿನಾ ಇದೇ ಲೆಕ್ಕ' ಅಂದರು. ಅದು ಹೇಗೆ?
— ಓದುಗರು, ಚನ್ನಮ್ಮನ ಕಿತ್ತೂರು

ಉತ್ತರ: ನಿಮ್ಮ ಸೋದರಮಾವ ಹೇಳಿದ್ದು ಅಕ್ಷರಶಃ ನಿಜ. ಅವರ ಮಗ್ಗದ ಶೆಡ್ಡಿಗೂ ನಿಮ್ಮ ಫ್ಯಾಕ್ಟರಿಗೂ ಈ ವಿಷಯದಲ್ಲಿ ಹಳೆಯ ನಂಟೇ ಇದೆ, ಅಲ್ಲಿಗೆ ಆಮೇಲೆ ಬರೋಣ. ಮೊದಲು ನಿಮ್ಮ ಪರದೆಯ ಮೇಲೆ ಕಾಣುವುದು ಏನೆಂದು ನೋಡೋಣ.

ರಾತ್ರಿ ನಡೆಯುವ, ಯಾವ ಸಾಮಗ್ರಿ ಎಷ್ಟು ಬೇಕೆಂಬ ಲೆಕ್ಕಕ್ಕೆ ಎಂಆರ್‌ಪಿ ಎನ್ನುತ್ತಾರೆ. ಗಿರಾಕಿ ಇಂಥ ದಿನಕ್ಕೆ ಇಷ್ಟು ನಗ ಕೇಳಿದ್ದಾನೆ, ಗೋದಾಮಿನಲ್ಲಿ ಇಷ್ಟಿದೆ, ಈಗಾಗಲೇ ತಯಾರಾಗುತ್ತಿರುವುದು ಇಷ್ಟು, ಉಳಿದ ಕೊರತೆ ಇಷ್ಟು. ಈ ಕೊರತೆಯೇ ಪ್ಲ್ಯಾನ್ಡ್ ಆರ್ಡರ್. ಆ ನಗಕ್ಕೆ ಬೇಕಾದ ಬೋಲ್ಟು, ವಾಷರು, ಶೀಟುಗಳ ಪಟ್ಟಿಯನ್ನು ಬಿಚ್ಚಿ, ಅವುಗಳ ಕೊರತೆಯನ್ನೂ ಅದೇ ರೀತಿ ಲೆಕ್ಕ ಹಾಕುತ್ತದೆ. ಅಮೆರಿಕದ ಜೋಸೆಫ್ ಓರ್ಲಿಕಿ ಈ ಪದ್ಧತಿಯನ್ನು 1975ರಲ್ಲಿ ಪುಸ್ತಕವಾಗಿ ಬರೆದ ಮೇಲೆ ಅದು ಜಗತ್ತಿನ ಕಾರ್ಖಾನೆಗಳಿಗೆಲ್ಲ ಹಬ್ಬಿತು. 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸ್ಯಾಪ್ ಕಂಪನಿಯ ಸಾಫ್ಟ್‌ವೇರಿನ ಒಳಗೂ ಇದೇ ಲೆಕ್ಕ ಓಡುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಎಂಆರ್‌ಪಿ ಲೆಕ್ಕವು ಬೇಕಾದದ್ದನ್ನು ಹೇಳುತ್ತದೆಯೇ ಹೊರತು ಆಗುವುದನ್ನು ಹೇಳುವುದಿಲ್ಲ. ಲೈನಿಗೆ ಎಷ್ಟು ಹಿಡಿಸುತ್ತದೆ ಎಂಬುದನ್ನು ಅದು ಆ ಹಂತದಲ್ಲಿ ನೋಡುವುದೇ ಇಲ್ಲ. ಲೈನಿಗೆ ಅಪಾರ ಶಕ್ತಿಯಿದೆ ಎಂದು ನಂಬಿಕೊಂಡೇ ದಿನಾಂಕ ಕೂರಿಸುತ್ತದೆ. ಹೀಗಾಗಿ ಲೈನಿಗೆ ಹಚ್ಚುವ ತನಕ ಪ್ಲ್ಯಾನ್ಡ್ ಆರ್ಡರ್ ಬರೀ ಬೇಡಿಕೆ. ಹಚ್ಚಿದ ಮೇಲೆಯೇ ಅದು ಕೆಲಸ. ಬೇಡಿಕೆಯನ್ನು ಕೆಲಸವಾಗಿಸುವ ಜವಾಬ್ದಾರಿ ಈಗ ನಿಮ್ಮ ಕೈಗೆ ಬಂದಿದೆ.

ನಿಮ್ಮದು ಒಂದೇ ಬಗೆಯ ನಗವನ್ನು ದಿನಾ, ವಾರಗಟ್ಟಲೆ ಮಾಡುವ ಕಾರ್ಖಾನೆ. ಗಿರಾಕಿ ಹೇಳಿದಂತೆ ಒಂದೇ ಒಂದು ಯಂತ್ರ ಕಟ್ಟಿಕೊಡುವ ಕಡೆ ಪ್ರತಿ ಕೆಲಸಕ್ಕೂ ಬೇರೆ ಆರ್ಡರ್ ತೆರೆದು, ಖರ್ಚು ಬರೆದು, ಮುಗಿದ ಮೇಲೆ ಮುಚ್ಚುತ್ತಾರೆ. ನಿಮ್ಮಲ್ಲಿ ಹಾಗೆ ಮಾಡಿದರೆ ಕಾಗದ ಬರೆಯುವುದರಲ್ಲೇ ಪಾಳಿ ಮುಗಿದೀತು. ಅದಕ್ಕೇ ಇಲ್ಲಿ ಪ್ಲ್ಯಾನ್ಡ್ ಆರ್ಡರ್ ನೇರವಾಗಿ ಲೈನಿನ ಮೇಲೆ ಇಂಥ ದಿನ ಇಷ್ಟು ನಗ ಎಂದು ಕೂರುತ್ತದೆ. ಖರ್ಚನ್ನು ಆರ್ಡರಿನ ಲೆಕ್ಕದಲ್ಲಲ್ಲ, ತಿಂಗಳ ಲೆಕ್ಕದಲ್ಲಿ ಹಿಡಿಯುತ್ತಾರೆ. ನಗ ತಯಾರಾಗಿ ಹೊರಬಂದಾಗ ಸಂಖ್ಯೆ ಹೊಡೆದರೆ ಸಾಕು, ಮಾಲು ಗೋದಾಮಿಗೆ ಜಮಾ ಆಗುತ್ತದೆ, ಬೋಲ್ಟು ವಾಷರು ಖರ್ಚು ಬೀಳುತ್ತವೆ, ಆರ್ಡರಿನ ಬಾಕಿ ತಾನೇ ಇಳಿಯುತ್ತದೆ. ನಿಮ್ಮ ಶಾಪಿನಲ್ಲಿ ಇದಕ್ಕೇ ಬ್ಯಾಕ್‌ಫ್ಲಶ್ ಎನ್ನುವುದು.

ಇನ್ನು ಕಂಪ್ಯೂಟರಿಗೆ ಲೈನ್ ತಿಳಿಯುವುದಿಲ್ಲವೇ ಎಂಬ ನಿಮ್ಮ ಪ್ರಶ್ನೆ. ತಿಳಿಯುತ್ತದೆ, ಆದರೆ ಹೇಳಿಕೊಟ್ಟಷ್ಟೇ. ಪ್ರತಿ ನಗಕ್ಕೂ ಒಂದೋ ಎರಡೋ ಪ್ರೊಡಕ್ಷನ್ ವರ್ಷನ್ ಬರೆದಿಟ್ಟಿರುತ್ತಾರೆ. ಈ ನಗವನ್ನು ಈ ಲೈನಿನಲ್ಲಿ, ಈ ಸಾಮಗ್ರಿ ಪಟ್ಟಿಯಿಂದ, ಗಂಟೆಗೆ ಇಷ್ಟರ ವೇಗದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾಡಬಹುದು ಎಂಬುದು ಅದರ ಒಕ್ಕಣೆ. ಒಂದೇ ನಗಕ್ಕೆ ಎರಡು ಲೈನುಗಳಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ ದಿನಾಂಕಕ್ಕೂ ಸಂಖ್ಯೆಗೂ ಹೊಂದುವ ಮೊದಲ ವರ್ಷನ್ ಹಿಡಿದುಬಿಡುತ್ತದೆ. ಕೋಟಾ ಬರೆದಿಟ್ಟಿದ್ದರೆ ಆ ಪಾಲಿನಂತೆ ಹಂಚುತ್ತದೆ. ಯಾವುದೂ ಹೊಂದದಿದ್ದರೆ ಆರ್ಡರನ್ನು ಪ್ಲ್ಯಾನಿಂಗ್ ಟೇಬಲ್ ಎಂಬ ಪರದೆಯಲ್ಲಿ 'ಇನ್ನೂ ಹಚ್ಚಿಲ್ಲ' ಎಂಬ ಸಾಲಿನಲ್ಲಿ ಬಿಟ್ಟು ಸುಮ್ಮನಾಗುತ್ತದೆ. ಬೆಳಿಗ್ಗೆ ನಿಮ್ಮನ್ನು ಕಾಯುತ್ತಿರುವುದು ಆ ಸಾಲು.

ಲೆಕ್ಕ ಹಾಕಿಯೇ ನೋಡೋಣ. ನಿಮ್ಮಲ್ಲಿ ಎರಡು ಲೈನುಗಳಿವೆ ಎಂದುಕೊಳ್ಳಿ. ಒಂದನೇ ಲೈನ್ ಗಂಟೆಗೆ 60 ನಗ, ಎರಡನೆಯದು 40. ಊಟ, ಚಹಾ ಕಳೆದು ಪಾಳಿಗೆ 7 ಗಂಟೆ ಕೆಲಸ, ದಿನಕ್ಕೆ ಒಂದೇ ಪಾಳಿ, ವಾರಕ್ಕೆ 6 ದಿನ. ಅಂದರೆ ವಾರಕ್ಕೆ ಒಂದನೇ ಲೈನಿನಿಂದ 2520, ಎರಡನೆಯದರಿಂದ 1680, ಒಟ್ಟು 4200. ಈ ವಾರದ ಬೇಡಿಕೆ: 'ಕ' ನಗ 2000, 'ಖ' ನಗ 1200, 'ಗ' ನಗ 800. ಒಟ್ಟು 4000. ಮೇಲ್ನೋಟಕ್ಕೆ 200 ನಗದ ಬಿಡುವೇ ಇದೆ.

ಈಗ ಕಂಪ್ಯೂಟರ್ ಏನು ಮಾಡಿದೆ ನೋಡಿ. 'ಕ' ನಗದ ಮೊದಲ ವರ್ಷನ್ ಒಂದನೇ ಲೈನಿನದು, ಹಾಗಾಗಿ 2000ವೂ ಅಲ್ಲಿಗೆ. 'ಗ' ನಗವನ್ನು ಬಿಗಿಯಾಗಿ ಹಿಡಿದಿಡುವ ಫಿಕ್ಸ್ಚರ್ ಇರುವುದು ಒಂದನೇ ಲೈನಿನಲ್ಲಿ ಮಾತ್ರ, ಆ 800 ಕೂಡ ಅಲ್ಲಿಗೇ. 'ಖ' ನಗದ 1200 ಎರಡನೇ ಲೈನಿಗೆ. ಒಂದನೇ ಲೈನಿನ ಮೇಲೆ 2800 ಕೂತಿತು. ಜೊತೆಗೆ ಒಂದು ನಗದಿಂದ ಇನ್ನೊಂದಕ್ಕೆ ಹೊರಳಲು ಅಲ್ಲಿ 2 ಗಂಟೆ ಬೇಕು, ಅಂದರೆ 120 ನಗದ ಹೊತ್ತು ಹೋಯಿತು. ಹೀಗೆ ಒಂದನೇ ಲೈನಿಗೆ 400 ನಗ ಹೆಚ್ಚಾಯಿತು. ಅದೇ ಹೊತ್ತಿಗೆ ಎರಡನೇ ಲೈನಿನಲ್ಲಿ 480 ನಗದ ಜಾಗ ಖಾಲಿ ಬಿದ್ದಿದೆ. ಒಟ್ಟು ಲೆಕ್ಕ ಸರಿ ಇದ್ದರೂ ಲೈನಿನ ಲೆಕ್ಕ ತಪ್ಪಿತು.

'ಕ' ನಗದ 400 ಅನ್ನು ಎರಡನೇ ಲೈನಿಗೆ ಸರಿಸಿ. ಒಂದನೇ ಲೈನಿನಲ್ಲಿ 'ಗ' 800, 'ಕ' 1600, ಹೊರಳಿಕೆಗೆ 120, ಒಟ್ಟು 2520. ಎರಡನೇ ಲೈನಿನಲ್ಲಿ 'ಖ' 1200, 'ಕ' 400, ಅಲ್ಲಿಯ ಹೊರಳಿಕೆ 1 ಗಂಟೆ, ಅಂದರೆ 40 ನಗ, ಒಟ್ಟು 1640. ಎಲ್ಲವೂ ಕೂತಿತು. ಮೇಲ್ನೋಟಕ್ಕೆ ಕಂಡ 200ರ ಬಿಡುವಿನಲ್ಲಿ 160 ಹೊರಳಿಕೆಗೆ ಹೋಗಿ, ಕೈಯಲ್ಲಿ ಉಳಿದದ್ದು 40 ನಗದ ಬಿಡುವು. ಎರಡನೇ ಲೈನಿನ ಒಂದು ಗಂಟೆ ಅದು.

ಇಷ್ಟಕ್ಕೆ ಮುಗಿಯಲಿಲ್ಲ, ಯಾವುದು ಮೊದಲು ಎಂಬುದೂ ಇದೆ. ಒಂದನೇ ಲೈನ್ ತುಂಬಿ ತುಳುಕುತ್ತಿದೆ, ಒಂದು ಗಂಟೆ ಕರೆಂಟು ಹೋದರೆ 60 ನಗ ಕಡಿಮೆ. ಆಗ ಯಾವ ನಗ ಕಡಿಮೆ ಬಿದ್ದರೆ ದಾರಿ ಇರುತ್ತದೆ? 'ಕ' ಬಿದ್ದರೆ ಅದನ್ನು ಎರಡನೇ ಲೈನಿನ ಬಿಡುವಿನಲ್ಲಿ ಅಷ್ಟಿಷ್ಟು ತುಂಬಿಕೊಳ್ಳಬಹುದು. 'ಗ' ಬಿದ್ದರೆ ಬೇರೆ ದಾರಿಯೇ ಇಲ್ಲ. ಆದ್ದರಿಂದ ವಾರದ ಆರಂಭದಲ್ಲೇ 'ಗ' ಮುಗಿಸಬೇಕು. ಒಂದೇ ಕಡೆ ಆಗುವ ಕೆಲಸವನ್ನು ಮೊದಲು ಹಚ್ಚಿ, ಎರಡೂ ಕಡೆ ಆಗುವ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳಿ. ಈ ಒಂದು ನಿಯಮ ನೆನಪಿದ್ದರೆ ನಿಮ್ಮ ಅರ್ಧ ಶನಿವಾರಗಳು ಉಳಿಯುತ್ತವೆ.

ಆದರೆ ಗಿರಾಕಿ 'ಕ' ನಗವನ್ನು ದಿನಾ ಸಮನಾಗಿ ಒಯ್ಯುವವನಾದರೆ? ದಿನಕ್ಕೆ ಸುಮಾರು 333 ಬೇಕು. ಒಂದನೇ ಲೈನ್ 'ಗ' ಮುಗಿಸುವುದಕ್ಕೆ ಹತ್ತಿರ ಹತ್ತಿರ ಎರಡು ದಿನ ಹಿಡಿಯುತ್ತದೆ. ಆ ಎರಡು ದಿನದಲ್ಲಿ ಎರಡನೇ ಲೈನ್ ತನ್ನ ಪಾಲಿನ 400 'ಕ' ಮಾಡಿಕೊಟ್ಟರೂ ಗಿರಾಕಿಗೆ ಬೇಕಾದ್ದು 667, ಕೊರತೆ 267. ಅಷ್ಟು ಮಾಲು ಹಿಂದಿನ ವಾರದ್ದು ಗೋದಾಮಿನಲ್ಲಿ ಇರಬೇಕು. ಇಲ್ಲವಾದರೆ 'ಗ' ಅನ್ನು ಎರಡು ಕಂತಿನಲ್ಲಿ ಮಾಡಬೇಕು, ಆಗ ಇನ್ನಷ್ಟು ಹೊರಳಿಕೆ ಬಂದು ಲೈನಿಗೆ ಹಿಡಿಸುವುದೇ ಇಲ್ಲ. ಕಂತು ದೊಡ್ಡದಾದರೆ ಗೋದಾಮು ತುಂಬುತ್ತದೆ, ಚಿಕ್ಕದಾದರೆ ಹೊರಳಿಕೆ ಹೊತ್ತು ತಿನ್ನುತ್ತದೆ. ಲೈನಿಗೆ ಹಚ್ಚುವ ಕೆಲಸದ ನಿಜವಾದ ಬಿಕ್ಕಟ್ಟು ಇರುವುದು ಇಲ್ಲಿ.

ನಿಮ್ಮ ಸೋದರಮಾವನ ಶೆಡ್ಡಿಗೆ ಹೋಗೋಣ. ರಾಮದುರ್ಗ, ಸುರೇಬಾನದ ಮಗ್ಗದ ಮನೆಗಳಲ್ಲಿ ಇದೇ ಬಿಕ್ಕಟ್ಟು ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಒಂದು ಮಗ್ಗದ ಹಾಸು ಮುಗಿಯಿತೆನ್ನಿ. ಮುಂದಿನದೂ ಅದೇ ಅಗಲ, ಅಷ್ಟೇ ಎಳೆ, ಅದೇ ಹಣಿಗೆಯ ಬಟ್ಟೆಯಾದರೆ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ತುದಿಯನ್ನು ಎಳೆಗೆ ಎಳೆ ಕೆಚ್ಚಿ ಮುಂದಕ್ಕೆ ಎಳೆದುಕೊಂಡರಾಯಿತು. ಸಾವಿರಾರು ಎಳೆಗಳಿದ್ದರೂ ಪಳಗಿದ ಬೆರಳಿಗೆ ಅದು ರೂಢಿಯ ಕೆಲಸ. ಬಟ್ಟೆಯ ಬಗೆಯೇ ಬದಲಾದರೆ ಹಣಿಗೆ ಬದಲಿಸಬೇಕು, ಒಂದೊಂದೇ ಎಳೆಯನ್ನು ಹೊಸದಾಗಿ ಪೋಣಿಸಬೇಕು. ಅಷ್ಟೂ ಹೊತ್ತು ಆ ಮಗ್ಗ ನಿಂತಿರುತ್ತದೆ, ಮಜೂರಿ ಮೇಲೆ ನೇಯುವವರಿಗೆ ಆ ಹೊತ್ತಿನ ಗಳಿಕೆಯೂ ಇಲ್ಲ. ಅದಕ್ಕೇ ಅನುಭವಸ್ಥರು ಹೊಸ ಆರ್ಡರ್ ಬಂದಾಗ ಯಾವ ಮಗ್ಗ ಖಾಲಿ ಇದೆ ಎಂದಷ್ಟೇ ಕೇಳುವುದಿಲ್ಲ. ಯಾವ ಮಗ್ಗದ ಮೇಲೆ ಇದಕ್ಕೆ ಹೊಂದುವ ಹಾಸು ಇದೆ, ಅದು ಎಂದಿಗೆ ತೀರುತ್ತದೆ, ಅಲ್ಲಿ ನೇಯುವವರ ಕೈ ಎಂಥದು ಎಂದೆಲ್ಲ ತೂಗಿ ಆಮೇಲೆ ಹಚ್ಚುತ್ತಾರೆ. ನೀವು ನಿಮ್ಮ ಪರದೆಯ ಮೇಲೆ ಮಾಡಬೇಕಾದ ಕೆಲಸ ಪೂರ್ತಿಯಾಗಿ ಇದೇ.

ಮಗ್ಗಕ್ಕೂ ವಾಹನದ ಲೈನಿಗೂ ನಂಟಿದೆ ಎಂದೆನಲ್ಲ, ಅದು ಇತಿಹಾಸದ ಮಾತು. ಜಪಾನಿನ ಸಕಿಚಿ ಟೊಯೋಡಾ ಮೊದಲು ಹೆಸರಾದದ್ದು ಮಗ್ಗಗಳಿಂದ. ಎಳೆ ಹರಿದೊಡನೆ ತಾನೇ ನಿಲ್ಲುವ ಮಗ್ಗ ಅವರದು. 1924ರ ಅವರ ಸ್ವಯಂಚಾಲಿತ ಮಗ್ಗದ ಪೇಟೆಂಟನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಕೊಟ್ಟರು. ಅವರ ಮಗ ಕೀಚಿರೊ ಮೋಟಾರು ವಾಹನದ ಕಡೆ ಹೊರಳಿ ಟೊಯೋಟಾ ಕಾರು ಕಂಪನಿ ಕಟ್ಟಿದರು. ಟೊಯೋಟಾ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ಕೂಡ 1932ರಲ್ಲಿ ಕೆಲಸಕ್ಕೆ ಸೇರಿದ್ದು ಟೊಯೋಡಾದ ನೂಲು-ನೇಯ್ಗೆಯ ಗಿರಣಿಗೆ, ಕಾರಿನ ಕಾರ್ಖಾನೆಗೆ ಬಂದದ್ದು 1943ರಲ್ಲಿ. ಒಬ್ಬರು ಹಲವು ಮಗ್ಗ ನೋಡಿಕೊಳ್ಳುವ ಗಿರಣಿಯ ರೀತಿಯನ್ನು ಅವರು ಯಂತ್ರಗಳ ಶಾಪಿಗೆ ತಂದರು.

ಈ ಟೊಯೋಟಾ ಕರ್ನಾಟಕಕ್ಕೆ ಬಂದು ಬಿಡದಿಯಲ್ಲಿ ನೆಲೆಸಲು 1997ರಲ್ಲಿ ಜೊತೆಯಾದದ್ದು ಕಿರ್ಲೋಸ್ಕರ್ ಸಮೂಹ. ಆ ಸಮೂಹದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಾರ್ಖಾನೆಯನ್ನು ಈಗಿನ ಕಿರ್ಲೋಸ್ಕರವಾಡಿಗೆ ಒಯ್ದರು. ಊರಿನ ಕುಲುಮೆಯಲ್ಲಿ ಒಬ್ಬ ರೈತನಿಗೆ ಒಂದು ನೇಗಿಲು ಹೊಂದಿಸಿಕೊಡುವುದು ಒಂದು ಬಗೆ. ಅಚ್ಚು ಮಾಡಿ ಒಂದೇ ಅಳತೆಯ ನೇಗಿಲನ್ನು ಮತ್ತೆ ಮತ್ತೆ ಎರಕ ಹೊಯ್ಯುವುದು ಇನ್ನೊಂದು ಬಗೆ. ನೀವು ಇಂದು ಕಲಿಯುತ್ತಿರುವ ಎರಡನೆಯ ಬಗೆ ನಿಮ್ಮ ನೆರೆಯ ಊರಿನವರೊಬ್ಬರು ಒಂದು ಶತಮಾನಕ್ಕೂ ಹಿಂದೆ ಹಿಡಿದ ದಾರಿಯೇ ಎಂಬುದು ನಿಮಗೆ ಹೆಮ್ಮೆ ತರಲಿ.

ಹೊರಳಿಕೆಯ ಬಿಕ್ಕಟ್ಟಿಗೆ ಜಪಾನಿನಲ್ಲಿ ಕಂಡುಕೊಂಡ ಮದ್ದು ಕೂಡ ನಿಮಗೆ ಗೊತ್ತಿರಬೇಕು. ಟೊಯೋಟಾದ 1000 ಟನ್ನಿನ ಪ್ರೆಸ್ಸಿಗೆ ಡೈ ಬದಲಿಸಲು 4 ಗಂಟೆ ಬೇಕಿತ್ತು. ಶಿಗೆಯೊ ಶಿಂಗೊ ಎಂಬ ಎಂಜಿನಿಯರರ ನೆರವಿನಿಂದ 1969ರ ಹೊತ್ತಿಗೆ ಅದನ್ನು ಒಂದೂವರೆ ಗಂಟೆಗೆ ಇಳಿಸಿದರು, ಆಮೇಲೆ 3 ನಿಮಿಷಕ್ಕೆ. ಗುಟ್ಟು ಸರಳ. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸ ಯಾವುದು ಎಂದು ಬೇರೆ ಮಾಡಿದರು. ಮುಂದಿನ ಡೈ ತಂದು ಪಕ್ಕದಲ್ಲಿಟ್ಟುಕೊಳ್ಳುವುದು, ಬೋಲ್ಟು ಪಾನಾ ಜೋಡಿಸಿಕೊಳ್ಳುವುದು, ಎತ್ತರ ಹೊಂದಿಸುವುದು ಎಲ್ಲ ಮೊದಲೇ ಮುಗಿಯುತ್ತವೆ. ಪವರ್‌ಲೂಮಿನವರು ಮುಂದಿನ ಹಾಸಿನ ಬೀಮನ್ನು ಮೊದಲೇ ಸುತ್ತಿ ತಯಾರಿಟ್ಟುಕೊಳ್ಳುವ ಜಾಣ್ಮೆಯೂ ಇದೇ ಜಾತಿಯದು. ನಮ್ಮ ಉದಾಹರಣೆಯ 2 ಗಂಟೆಯ ಹೊರಳಿಕೆ 20 ನಿಮಿಷಕ್ಕೆ ಇಳಿದರೆ 120 ನಗದ ನಷ್ಟ 20ಕ್ಕೆ ಇಳಿಯುತ್ತದೆ. ಆಗ 'ಗ' ಅನ್ನು ಎರಡು ಕಂತು ಮಾಡಿದರೂ ಲೈನ್ ತಡೆದುಕೊಳ್ಳುತ್ತದೆ, ಗಿರಾಕಿಗೆ ದಿನದ ಮಾಲು ಹೋಗುತ್ತದೆ, ಗೋದಾಮೂ ಹಗುರ. ಪ್ಲ್ಯಾನಿಂಗ್ ಟೇಬಲ್ಲಿನಲ್ಲಿ ಎಷ್ಟೇ ತಲೆ ಕೆಡಿಸಿಕೊಂಡರೂ ಸಿಗದ ಬಿಡುವು ಶಾಪಿನ ನೆಲದ ಮೇಲೆ ಸಿಗುವುದು ಹೀಗೆ.

ಎಲ್ಲ ಕಾರ್ಖಾನೆಗೂ ಈ ಪ್ರಶ್ನೆ ಇದೇ ರೂಪದಲ್ಲಿ ಬರುವುದಿಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬು ಅರೆಯುವುದು ಹಗಲೂ ರಾತ್ರಿ ಒಂದೇ ಓಟ. ಅಲ್ಲಿ ಯಾವ ಲೈನ್ ಎಂಬ ಪ್ರಶ್ನೆಗಿಂತ ಯಾವ ಹೊಲಕ್ಕೆ ಯಾವ ಗ್ಯಾಂಗು, ಎಂದು ಎಂಬುದೇ ದೊಡ್ಡದು. ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟೂ ತೂಕ ಇಳಿದು ಸಕ್ಕರೆ ಅಂಶ ಕಡಿಮೆಯಾಗುವುದರಿಂದಲೇ ಬೈಲಹೊಂಗಲ ಕಡೆಯ ರೈತ ಕಾರ್ಖಾನೆಯ ಪಾಳಿಗಾಗಿ ಅಷ್ಟು ಚಡಪಡಿಸುವುದು.

ಇನ್ನು ನಿಮ್ಮ ದಿನದ ಕೆಲಸದಲ್ಲಿ ಎಡವುವ ಜಾಗಗಳು.

ಮೊದಲನೆಯದು, ವೇಗದ ಅಂಕಿ. ಸಿಸ್ಟಂನಲ್ಲಿ ಗಂಟೆಗೆ 60 ಎಂದಿದೆ, ಲೈನಿನಲ್ಲಿ ನಿಜಕ್ಕೂ ಬರುತ್ತಿರುವುದು 52 ಎನ್ನಿ. ವಾರಕ್ಕೆ 42 ಗಂಟೆ, 2184 ನಗ. ನೀವು 2520 ಹಚ್ಚಿದ್ದೀರಿ. 336 ನಗ ಶನಿವಾರ ಸಂಜೆಗೆ ಬಾಕಿ. ಲೈನಿನವರು ಮೈಗಳ್ಳರು ಎಂಬ ಮಾತು ಬರುವುದು ಇಂಥ ಹೊತ್ತಿನಲ್ಲೇ, ತಪ್ಪು ಮಾತ್ರ ಕಾಗದದ ಅಂಕಿಯದು. ಅಂಕಿಯನ್ನು ನೀವೇ ಲೈನಿನ ಪಕ್ಕ ನಿಂತು, ಗಡಿಯಾರ ಹಿಡಿದು, ಬೇರೆ ಬೇರೆ ಪಾಳಿಯಲ್ಲಿ ನೋಡಿ ಸರಿಪಡಿಸಿಕೊಳ್ಳಿ.

ಎರಡನೆಯದು, ಆರ್ಡರ್ ಒಂದು ಲೈನಿಗೆ, ಉತ್ಪಾದನೆ ಇನ್ನೊಂದರಲ್ಲಿ. ಮಧ್ಯಾಹ್ನ ಒಂದನೇ ಲೈನ್ ಕೆಟ್ಟಿತು, ಸೂಪರ್‌ವೈಸರ್ ಕೆಲಸವನ್ನು ಎರಡನೆಯದಕ್ಕೆ ಒಯ್ದರು, ಪರದೆಯ ಮೇಲೆ ಯಾರೂ ಬದಲಿಸಲಿಲ್ಲ. ಬ್ಯಾಕ್‌ಫ್ಲಶ್ ಎರಡನೇ ಲೈನಿನ ಹೆಸರಿನಲ್ಲಿ ಬಿದ್ದರೆ, ಸಿಸ್ಟಂ ಹೊಂದಿಸಿದ ರೀತಿಯ ಮೇಲೆ, ಒಂದನೇ ಲೈನಿನ ಆರ್ಡರ್ ಬಾಕಿಯಾಗೇ ಉಳಿಯಬಹುದು. ರಾತ್ರಿ ಎಂಆರ್‌ಪಿ ಅದನ್ನು ಬರಲಿರುವ ಮಾಲೆಂದೇ ನಂಬುತ್ತದೆ. ಎಂದೂ ಬಾರದ ಮಾಲಿನ ಮೇಲೆ ಮುಂದಿನ ವಾರದ ಲೆಕ್ಕ ನಿಲ್ಲುತ್ತದೆ. ಹಳೆಯ ದಿನಾಂಕದ ಬಾಕಿ ಆರ್ಡರ್‌ಗಳನ್ನು ದಿನಾ ಬೆಳಿಗ್ಗೆ ಮೊದಲು ನೋಡಿ, ನಂತರ ಹೊಸದಕ್ಕೆ ಕೈ ಹಾಕಿ.

ಮೂರನೆಯದು, ಕೈಯಿಂದ ಹಚ್ಚಿದ್ದು ಗಟ್ಟಿಯಾಗುವುದು. ನೀವು ಸರಿಸಿದ ಆರ್ಡರನ್ನು ಸಿಸ್ಟಂ ಗಟ್ಟಿ ಎಂದು ಗುರುತು ಮಾಡುತ್ತದೆ, ರಾತ್ರಿಯ ಲೆಕ್ಕ ಅದನ್ನು ಮುಟ್ಟುವುದಿಲ್ಲ. ಗುರುತಿಲ್ಲದವನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಹತ್ತಿರದ ದಿನಗಳಿಗೆ ಇದು ಒಳ್ಳೆಯದು, ಲೈನಿನವರಿಗೆ ದಿನಕ್ಕೊಂದು ಯೋಜನೆ ಕೈಗೆ ಬರುವುದಿಲ್ಲ. ಆದರೆ ತಿಂಗಳಾಚೆಯ ಆರ್ಡರನ್ನೂ ಕೈಯಾಡಿಸಿ ಗಟ್ಟಿ ಮಾಡಿಟ್ಟರೆ ಗಿರಾಕಿಯ ಬೇಡಿಕೆ ಇಳಿದಾಗಲೂ ಅದು ಕೂತೇ ಇರುತ್ತದೆ. ಹತ್ತಿರದ್ದನ್ನು ಗಟ್ಟಿ ಮಾಡಿ, ದೂರದ್ದನ್ನು ಬಿಡಿ.

ನಾಲ್ಕನೆಯದು, ಊರಿನ ಕ್ಯಾಲೆಂಡರು. ಸಿಸ್ಟಂನ ಕ್ಯಾಲೆಂಡರಿನಲ್ಲಿ ರಜೆ ಅಂದರೆ ಕಂಪನಿಯ ರಜೆ ಮಾತ್ರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ಜನರಿಂದ ತುಂಬುವುದು ಅದಕ್ಕೆ ಗೊತ್ತಿಲ್ಲ. ಆ ದಿನಗಳಲ್ಲಿ ಈ ಭಾಗದ ಯಾವ ಲೈನಿನಲ್ಲಿ ಯಾರು ಬರುವುದಿಲ್ಲ ಎಂಬುದು ಸೂಪರ್‌ವೈಸರರಿಗೆ ಮೊದಲೇ ಗೊತ್ತಿರುತ್ತದೆ. ಮುಂಗಾರು ಬಿದ್ದೊಡನೆ ಬೈಲಹೊಂಗಲದ ಎರೆಭೂಮಿಯಲ್ಲಿ ಬಿತ್ತನೆಗೆ ಮನೆಮಂದಿಯೆಲ್ಲ ಇಳಿಯುತ್ತಾರೆ, ಫ್ಯಾಕ್ಟರಿಗೆ ಬರುವ ಮಗನೂ ಸೇರಿ. ಅಕ್ಟೋಬರಿನ ಕಿತ್ತೂರು ಉತ್ಸವದ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಅಂಥ ವಾರಗಳಲ್ಲಿ ಕಡಿಮೆ ಜನರಿಂದ ಓಡುವ ಲೈನಿಗೆ ಹೆಚ್ಚು ಹಚ್ಚಿ, ಹೊರಳಿಕೆ ಕಡಿಮೆ ಇಡಿ, ನುರಿತ ಕೈ ಬೇಡುವ ನಗವನ್ನು ಹಿಂದಿನ ವಾರವೇ ಮುಗಿಸಿಕೊಳ್ಳಿ.

ಕಂಪ್ಯೂಟರಿಗೆ ಯಾಕೆ ತಿಳಿಯುವುದಿಲ್ಲ ಎಂದು ಕೇಳಿದ್ದಿರಿ. ವೇಗ, ಹೊರಳಿಕೆ, ಫಿಕ್ಸ್ಚರ್ ಎಲ್ಲವನ್ನೂ ಸರಿಯಾಗಿ ಬರೆದುಕೊಟ್ಟರೆ ಅದು ನಮಗಿಂತ ಚುರುಕಾಗಿ ಹಂಚಬಲ್ಲದು. ಹತ್ತಾರು ಲೈನು, ನೂರಾರು ನಗ ಇರುವ ಕಡೆ ಅದರ ನೆರವು ಬೇಕೇ ಬೇಕು. ಆದರೆ ಬರೆದುಕೊಡುವ ಆ ಮಾಹಿತಿ ಹುಟ್ಟುವುದು ಲೈನಿನ ಪಕ್ಕದಲ್ಲಿ. ಅಲ್ಲಿ ದುಡಿಯುವವರನ್ನು ಕೇಳದೆ, ಅಲ್ಲಿ ನಿಂತು ನೋಡದೆ ಹಚ್ಚಿದ ಯೋಜನೆ, ಮನುಷ್ಯ ಹಚ್ಚಿದ್ದಾಗಲಿ ಯಂತ್ರ ಹಚ್ಚಿದ್ದಾಗಲಿ, ನಿಲ್ಲುವುದಿಲ್ಲ.

ಕೊನೆಗೆ ಒಂದು ಮಾತು, ಇದು ಲೆಕ್ಕದ್ದಲ್ಲ, ಜನರದು. ಲೈನಿಗೆ ಹಿಡಿಸದಷ್ಟು ಹಚ್ಚಿದಾಗ ಪರದೆಯ ಮೇಲೆ ಅದು ಒಂದು ಕೆಂಪು ಅಂಕಿ ಅಷ್ಟೇ. ಶಾಪಿನಲ್ಲಿ ಅದು ಓವರ್‌ಟೈಮ್, ತಪ್ಪಿದ ಬಸ್ಸು, ಅವಸರದಲ್ಲಿ ಕೆಟ್ಟ ನಗ, ಕೆಲವೊಮ್ಮೆ ಜಜ್ಜಿದ ಬೆರಳು. ಹೆಚ್ಚಿನ ದುಡಿಮೆಗೆ ದುಪ್ಪಟ್ಟು ಸಂಬಳವನ್ನು ಕಾನೂನು ಹೇಳುತ್ತದೆ ನಿಜ, ಆದರೆ ದಣಿವಿಗೆ ಅದು ಪರಿಹಾರವಲ್ಲ. ಆದ್ದರಿಂದ ಹಿಡಿಸದ ಆರ್ಡರನ್ನು ಹೇಗೋ ಆದೀತೆಂದು ತುರುಕಬೇಡಿ. ಈ ವಾರ ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ, ಉಳಿದದ್ದು ಮುಂದಿನ ಮಂಗಳವಾರ ಎಂದು ಸೇಲ್ಸಿನವರಿಗೆ ಸೋಮವಾರವೇ ಲೆಕ್ಕದ ಸಮೇತ ತೋರಿಸಿ. ಹೊಸಬರಾದ ನಿಮಗೆ ಹಾಗೆ ಹೇಳಲು ಮುಜುಗರ ಅನ್ನಿಸಬಹುದು. ಆದರೆ ಸೋಮವಾರ ಹೇಳಿದರೆ ಗಿರಾಕಿಗೆ ಬೇರೆ ದಾರಿ ಹುಡುಕಲು ಐದು ದಿನ ಸಿಗುತ್ತದೆ. ಶನಿವಾರ ಹೇಳಿದರೆ ಅವನ ಲೈನೂ ನಿಲ್ಲುತ್ತದೆ.